ಪದದ ಬಾಲದಲ್ಲೊಂದು 'ಪುಟ್ಟ'

ಪ್ರಶ್ನೆ: ಮಾಲಿಕ್ಯೂಲ್, ಕ್ಯಾಪ್ಸೂಲ್, ಗ್ರ್ಯಾನ್ಯೂಲ್, ನಾಡ್ಯೂಲ್... ವಿಜ್ಞಾನದ ಪಾಠಗಳಲ್ಲಿ 'ಊಲ್' ಎಂದು ಮುಗಿಯುವ ಪದಗಳು ಜಾಸ್ತಿ. ಈ ಬಾಲಕ್ಕೆ ಅರ್ಥ ಇದೆಯಾ, ಇಲ್ಲ ಸುಮ್ನೆ ಹಾಗೆ ಬಂದದ್ದಾ?

ಉತ್ತರ: ಖಂಡಿತ ಅರ್ಥ ಇದೆ. 'ಪುಟ್ಟದು' ಅಂತ. ಈ ಪದಗಳ ಮೂಲ ಪ್ರಾಚೀನ ರೋಮನ್ನರ ಭಾಷೆಯಾದ ಲ್ಯಾಟಿನ್. ಅದರಲ್ಲಿ ಯಾವುದೇ ವಸ್ತುವಿನ ಚಿಕ್ಕ ರೂಪ ಹೇಳಬೇಕಾದರೆ ಪದದ ಕೊನೆಗೆ 'ಉಲುಸ್', 'ಉಲಾ' ಅಥವಾ 'ಕುಲುಸ್', 'ಕುಲಾ' ಸೇರಿಸುತ್ತಿದ್ದರು. ನಾವು ಕಿರುಬೆರಳು ಅನ್ನುವಾಗ 'ಕಿರು'ವನ್ನು ಮುಂದೆ ಇಡುತ್ತೇವೆ. ಅವರು ಹಿಂದೆ ಇಡುತ್ತಿದ್ದರು.

ಕ್ಯಾಪ್ಸಾ ಎಂದರೆ ಪೆಟ್ಟಿಗೆ, ಕ್ಯಾಪ್ಸೂಲ್ ಪುಟ್ಟ ಪೆಟ್ಟಿಗೆ. ನೋಡುಸ್ ಎಂದರೆ ಗಂಟು, ನಾಡ್ಯೂಲ್ ಪುಟ್ಟ ಗಂಟು. ಗ್ರ್ಯಾನ್ಯೂಲ್ ಸಣ್ಣ ಕಾಳು. ಮಾಲಿಕ್ಯೂಲ್ ಮಾತ್ರ ಪ್ರಾಚೀನ ರೋಮನ್ನರ ಪದವಲ್ಲ. 'ಮೋಲೆಸ್', ಅಂದರೆ ರಾಶಿ ಅಥವಾ ಗಾತ್ರ, ಎಂಬ ಹಳೆಯ ಪದಕ್ಕೆ 17ನೇ ಶತಮಾನದ ವಿದ್ವಾಂಸರು ಈ ಬಾಲ ಅಂಟಿಸಿ ಕಟ್ಟಿದ್ದು.

ಕೆಲವು ಕಡೆ ಬಾಲ ಸವೆದು ಗುರುತೇ ಸಿಗುವುದಿಲ್ಲ. ಹೃದಯದ ವೆಂಟ್ರಿಕಲ್ (ಕೆಳಗಿನ ಕೋಣೆ) ಎಂದರೆ ಪುಟ್ಟ ಹೊಟ್ಟೆ. ಮಸಲ್, ಅಂದರೆ ಸ್ನಾಯು, ಇನ್ನೂ ಚೆಂದ. ತೋಳು ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡಿ. ಚರ್ಮದ ಕೆಳಗೆ ಏನೋ ಸರಿದಾಡಿದಂತೆ ಕಾಣುತ್ತದೆ, ಅಲ್ವಾ? ರೋಮನ್ನರಿಗೆ ಅಲ್ಲಿ ಇಲಿಮರಿ ಕಂಡಿತು. 'ಮುಸ್' ಎಂದರೆ ಇಲಿ, 'ಮುಸ್ಕುಲುಸ್' ಪುಟ್ಟ ಇಲಿ.

ಕ್ಯಾಲ್ಕುಲಸ್ ಕೂಡ ಇದೇ ಬಳಗದ್ದು, ಪುಟ್ಟ ಕಲ್ಲು ಅಂತ. ರೋಮನ್ನರು ಸಣ್ಣ ಕಲ್ಲುಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದರು. ಹಾಗಾಗಿ ಗಣಿತದ ಒಂದು ಶಾಖೆಗೂ ಮೂತ್ರಪಿಂಡದ ಕಲ್ಲಿಗೂ ಒಂದೇ ಹೆಸರು.

ಹಾಗಂತ 'ಊಲ್' ಕಂಡಲ್ಲೆಲ್ಲ ಇದನ್ನು ಹಚ್ಚಬೇಡಿ. ಶಕ್ತಿಯ ಮಾನ ಜೂಲ್‌ಗೆ ಆ ಹೆಸರು ಬಂದದ್ದು ಜೇಮ್ಸ್ ಪ್ರೆಸ್ಕಾಟ್ ಜೂಲ್ ಎಂಬ ವಿಜ್ಞಾನಿಯಿಂದ. ಬಾಹ್ಯಾಕಾಶದ ಅನಿಲ, ಧೂಳಿನ ಮೋಡಕ್ಕೆ ಹೇಳುವ ನೆಬ್ಯುಲಾ ಪದಕ್ಕೆ ಲ್ಯಾಟಿನ್‌ನಲ್ಲಿ ಮಂಜು ಎಂದರ್ಥ, ಪುಟ್ಟ ಮಂಜಲ್ಲ. ಬಾಲ ಕಿತ್ತು ನೋಡಿ. ಉಳಿದ ಭಾಗಕ್ಕೆ ಅದರದೇ ಅರ್ಥ ಇದ್ದರೆ ಮಾತ್ರ ನಂಬಿ.

ನನಗೆ ತುಂಬಾ ಇಷ್ಟವಾದದ್ದು ಕಣ್ಣಿನ ಪ್ಯೂಪಿಲ್. ಇದರ ಮೂಲ 'ಪ್ಯೂಪಿಲ್ಲಾ'. 'ಇಲ್ಲಾ' ಕೂಡ ಪುಟ್ಟದು ಎಂದು ಹೇಳುವ ಇನ್ನೊಂದು ಬಾಲ. ಒಟ್ಟು ಅರ್ಥ ಪುಟ್ಟ ಗೊಂಬೆ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ನೋಡಿ, ಅದರೊಳಗೆ ನಿಮ್ಮದೇ ಚಿಕ್ಕ ಬಿಂಬ ಕಾಣುತ್ತದೆ. ಕನ್ನಡದಲ್ಲಿ ಅದೇ ಜಾಗವನ್ನು ಕಣ್ಣಪಾಪೆ ಅನ್ನುತ್ತೇವೆ. ಪಾಪೆ ಎಂದರೂ ಗೊಂಬೆಯೇ.