ಪ್ರತಿಕ್ರಿಯೆ: ಹುಲಿಯ ‘ಸ್ಟಾಕ್’ ದಂಟಲ್ಲ
ನಿಮ್ಮ ಮಗಳ ನಿಘಂಟು ಇಂಗ್ಲಿಷಿನ ‘ಸ್ಟಾಕ್’ (stalk) ಎಂದರೆ ದಂಟು ಎಂದಷ್ಟೇ ಹೇಳಿ, ಪಾಠದ ‘ಹುಲಿ ಜಿಂಕೆಯನ್ನು ಸ್ಟಾಕ್ ಮಾಡಿತು’ ಎಂಬ ವಾಕ್ಯ ಅರ್ಥವಾಗದೆ ಹೋದುದಕ್ಕೆ ಕಾರಣ, ಒಂದೇ ಕಾಗುಣಿತದ ಎರಡು ಬೇರೆ ಪದಗಳು ಕಲೆತಿರುವುದೇ ಇರಬೇಕು. (ಎಲ್ ಅಕ್ಷರ ಮೂಕವಾದ್ದರಿಂದ, ಕನ್ನಡದಲ್ಲಿ ಬರೆದಾಗ ಅಂಗಡಿಯ ದಾಸ್ತಾನಿನ ಸ್ಟಾಕ್ ಕೂಡ ನಡುವೆ ನುಗ್ಗುತ್ತದೆ.)

ಮೊದಲು ಅದು ನಾಮಪದವೋ ಕ್ರಿಯಾಪದವೋ ನೋಡಿ. ನಾಮಪದವಾದರೆ ಬಹುಮಟ್ಟಿಗೆ ದಂಟೇ. ಕ್ರಿಯಾಪದವಾದರೆ ಬಹುಮಟ್ಟಿಗೆ ಸದ್ದಿಲ್ಲದೆ ಹಿಂಬಾಲಿಸುವುದು; ಅದರ ಬೇರು ಹಳೆಯ ಇಂಗ್ಲಿಷಿನಲ್ಲಿದ್ದು, ಕದಿಯುವುದು ಎಂಬರ್ಥದ ‘ಸ್ಟೀಲ್’ ಪದಕ್ಕೆ ಅದು ನಂಟು. ಕಳವಿಗೂ ಸದ್ದಿಲ್ಲದ ನಡೆಗೂ ಇರುವ ಈ ಸಂಬಂಧ ನಮ್ಮ ‘ಕಳ್ಳಹೆಜ್ಜೆ’ಯಲ್ಲಿಯೂ ಇದೆ. ಅಡಿಕೆ ತೋಟದಲ್ಲಿ ಬೆಕ್ಕು ಹೊಟ್ಟೆಯನ್ನು ನೆಲಕ್ಕೆ ತಾಗಿಸಿ, ಒಣ ಸೋಗೆಯನ್ನು ತಪ್ಪಿಸಿ, ಓತಿಕೇತದತ್ತ ಒಂದೊಂದೇ ಹೆಜ್ಜೆ ಇಡುವುದನ್ನು ಮಗಳಿಗೆ ತೋರಿಸಿ. ಕಾಸರಗೋಡಿನಲ್ಲಿ ನಮ್ಮ ನೆರೆಯವರು ಮಲಯಾಳದಲ್ಲಿ ‘ಪದುಙ್ಙಿ’ ಎನ್ನುವುದೂ ಆ ನಡೆಯನ್ನೇ.

ಬಳಿಕ ಕರ್ಮಪದವನ್ನು ನೋಡಿ. ಬೇಟೆಯಾದರೆ ‘ಹೊಂಚುತ್ತ ಹಿಂಬಾಲಿಸಿತು’ ಸರಿ. ಬರಿಯ ‘ಹೊಂಚು ಹಾಕಿತು’ ಎಂದರೆ ಹುಲಿ ಕುಳಿತಲ್ಲಿಯೇ ಉಳಿಯುತ್ತದೆ. ಮಹಿಳೆಯನ್ನು ಬೆಂಬಿಡದೆ ಹಿಂಬಾಲಿಸುವ ಅರ್ಥದಲ್ಲಿ ಅದು ಅಪರಾಧದ ಹೆಸರು: 2013ರಲ್ಲಿ ಭಾರತೀಯ ದಂಡ ಸಂಹಿತೆಗೆ 354ಡಿ ಕಲಮಾಗಿ ಸೇರಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು. ಕರ್ಮಪದವಿಲ್ಲದೆ ‘ಕೋಣೆಯಿಂದ ಹೊರಗೆ ಸ್ಟಾಕ್ ಮಾಡಿದ’ ಎಂದಿದ್ದರೆ ಅರ್ಥವೇ ತಲೆಕೆಳಗು. ಅಲ್ಲಿ ‘ಸಿಟ್ಟಿನಿಂದ ಸೆಟೆದು ನಡೆದ’ ಎಂದು ಬರೆಸಿ.