ಡಾಕ್ಟರ ಮುಂದೆ ಮಾತೇ ಹೊರಡದಿದ್ದರೆ

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದು ಒಳಗೆ ಹೋದರೆ ಐದೇ ನಿಮಿಷ. ‘ಹೇಗಿದ್ದೀರಮ್ಮ?’ ಎಂದರೆ ‘ಚೆನ್ನಾಗಿದ್ದೀನಿ ಡಾಕ್ಟ್ರೇ’ ಅನ್ನುತ್ತಾರೆ. ಆಟೋ ಹತ್ತಿದ ಮೇಲೆ ತಲೆಸುತ್ತಿನ ವಿಷಯ ತೆಗೆಯುತ್ತಾರೆ. ಏನು ಮಾಡಲಿ?
— ಓದುಗರು, ಶ್ರೀನಗರ, ಬೆಂಗಳೂರು

ಉತ್ತರ: ಹಿಂದಿನ ದಿನ ಸಂಜೆಯೇ ಅತ್ತೆಯನ್ನು ಕೂರಿಸಿಕೊಂಡು ಕೇಳಿ, ಅವರ ಮಾತಲ್ಲೇ ಒಂದು ಚೀಟಿಯಲ್ಲಿ ಬರೆದಿಡಿ. ಹೆಚ್ಚು ಕಾಡುವ ತೊಂದರೆ ಮೊದಲ ಸಾಲಿನಲ್ಲಿರಲಿ. ಯಾವಾಗಿನಿಂದ, ದಿನದ ಯಾವ ಹೊತ್ತಿನಲ್ಲಿ, ಏನು ಮಾಡಿದಾಗ, ಎಷ್ಟು ಹೊತ್ತು ಎಂಬುದೂ ಬೇಕು. ಬರೀ ‘ತಲೆಸುತ್ತು’ ಎಂದರೆ ಡಾಕ್ಟರಿಗೆ ದಾರಿ ಸಿಗುವುದಿಲ್ಲ. ‘ಹದಿನೈದು ದಿನದಿಂದ, ಹಾಸಿಗೆಯಿಂದ ಎದ್ದು ನಿಂತ ಕೂಡಲೇ ಸುತ್ತುತ್ತದೆ’ ಎಂದರೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡುತ್ತಾರೆ, ಮಾತ್ರೆ ಹೆಚ್ಚಾಗಿದೆಯೇ ಎಂದು ಯೋಚಿಸುತ್ತಾರೆ. ‘ಊಟ ತಡವಾದಾಗ ಬೆವರಿ, ಕೈ ನಡುಗಿ ಸುತ್ತುತ್ತದೆ’ ಎಂದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತಿದೆಯೇ ಎಂಬ ಅನುಮಾನ ಮೊದಲು ಬರುತ್ತದೆ. ತೊಂದರೆಯ ಹೆಸರು ಒಂದೇ, ಚಿಕಿತ್ಸೆ ಬೇರೆ ಬೇರೆ.

ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ‘ಬಿಳಿ ಬಣ್ಣದ ಚಿಕ್ಕ ಮಾತ್ರೆ’ ಎಂದರೆ ಯಾರಿಗೂ ತಿಳಿಯದು. ನಾಟಿ ಔಷಧಿ, ಚೂರ್ಣ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮಂಡಿನೋವಿನ ಮಾತ್ರೆ ಎಲ್ಲವೂ ಆ ಚೀಲದಲ್ಲಿರಲಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬಿ.ಪಿ. ಏರಿಸಬಲ್ಲದು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು. ಅತ್ತೆ ಅದನ್ನು ನುಂಗುತ್ತಿರುವುದು ಗೊತ್ತಿಲ್ಲದ ಡಾಕ್ಟರು ಬಿ.ಪಿ. ಮಾತ್ರೆಯನ್ನೇ ಹೆಚ್ಚಿಸುತ್ತಾರೆ.

ಮಾತ್ರೆ ಬಿಟ್ಟಿದ್ದರೆ ಅದನ್ನೂ ಹೇಳಲೇಬೇಕು. ವಾರದಲ್ಲಿ ಮೂರು ದಿನ ತಪ್ಪಿಸಿದ್ದನ್ನು ಮುಚ್ಚಿಟ್ಟರೆ, ಔಷಧಿ ಸಾಲುತ್ತಿಲ್ಲವೆಂದು ಡೋಸ್ ಏರುತ್ತದೆ. ಆಮೇಲೆ ಸರಿಯಾಗಿ ನುಂಗಿದಾಗ ಸಕ್ಕರೆ ಕುಸಿಯುತ್ತದೆ. ದಯವಿಟ್ಟು ಡಾಕ್ಟರ ಎದುರಿಗೆ ‘ಇವರು ಹೇಳಿದ ಮಾತೇ ಕೇಳಲ್ಲ’ ಎಂದು ದೂರಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಅವರು ನಿಮ್ಮ ಹತ್ತಿರವೂ ಮುಚ್ಚಿಡುತ್ತಾರೆ. ಡಾಕ್ಟರಿಗೆ ಕನ್ನಡ ಬಾರದಿದ್ದರೂ ಮೊದಲು ಅತ್ತೆಯೇ ಹೇಳಲಿ, ನೀವು ಆಮೇಲೆ ತಿಳಿಸಿ ಹೇಳಿ.

ಏಳುವ ಮುಂಚೆ ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿ ನೋಡಿಕೊಂಡು ‘ಇದು ಬೆಳಿಗ್ಗೆ, ರಾತ್ರಿ ಒಂದೊಂದು, ಊಟದ ನಂತರ, ಸರಿ ತಾನೇ?’ ಎಂದು ನಿಮ್ಮ ಬಾಯಿಂದಲೇ ಒಪ್ಪಿಸಿ. 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ‘ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು?’ ಎಂಬ ಪ್ರಶ್ನೆ ಮರೆಯಬೇಡಿ. ಕಂಪನಿ ಬದಲಾದರೆ ಮಾತ್ರೆಯ ಹೆಸರೂ ಬದಲಾಗುತ್ತದೆ, ಒಳಗಿನ ಔಷಧಿ ಅದೇ ಇರಬಹುದು; ಹಳೆಯ ಸ್ಟ್ರಿಪ್ಪನ್ನೂ ಮುಂದುವರಿಸಿದರೆ ಎರಡು ಪಟ್ಟು ನುಂಗಿದಂತಾಗುತ್ತದೆ.

ಪ್ರಶ್ನೆ: ತಂದೆಯವರು ಖಾಸಗಿ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದರು. ಈಗ ಜಯದೇವದಲ್ಲಿ ತೋರಿಸಬೇಕು. ಹಳೆಯ ದಾಖಲೆ ಕೇಳಿದರೆ ತಪ್ಪು ತಿಳಿಯುತ್ತಾರೆಯೇ?
— ಓದುಗರು, ವಿಜಯನಗರ

ಉತ್ತರ: ಕೇಳುವುದು ನಿಮ್ಮ ಹಕ್ಕು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿ ಸಂಖ್ಯೆ ನಮೂದಿಸಿ, ತಂದೆಯವರ ಸಹಿ ಹಾಕಿಸಿ ಅರ್ಜಿ ಕೊಡಿ. ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಾರಾಂಶದ ಜೊತೆಗೆ ಆಂಜಿಯೋಗ್ರಾಮ್ ಆಗಿದ್ದರೆ ಅದರ ಸಿ.ಡಿ.ಯನ್ನೂ ಕೇಳಿ. ಇ.ಸಿ.ಜಿ. ಕಾಗದದ ಅಚ್ಚು ದಿನ ಕಳೆದಂತೆ ಮಾಸುತ್ತದೆ, ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿಡಿ.