ಎಂಎ ಸೈಕಾಲಜಿ ಮುಗಿಸಿ ಶಿವಮೊಗ್ಗದಲ್ಲೇ ಕೌನ್ಸೆಲರ್ ಆಗಬಹುದಾ? ನಮ್ಮ ದೇಶದಲ್ಲಿ ಈ ವೃತ್ತಿ ಯಾಕಿಷ್ಟು ತಡವಾಗಿ ಬೆಳೆಯಿತು?

ಆಗಬಹುದು. ಈ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾನು ಹನ್ನೊಂದು ವರ್ಷದಿಂದ ಮಾಡ್ತಿರೋದು ಇದೇ ಕೆಲಸ. ಆದ್ರೆ ಕೌನ್ಸೆಲಿಂಗ್ ಅಂದ್ರೆ ನಮ್ಮ ಕಡೆ ಇವತ್ತಿಗೂ ಸಿಇಟಿ ಸೀಟು, ಇಲ್ಲಾ ಮೇಷ್ಟ್ರ ವರ್ಗಾವಣೆ. ಒಬ್ಬರು ಮಗಳ ರ‍್ಯಾಂಕಿನ ಹಾಳೆ ಹಿಡ್ಕೊಂಡೇ ನನ್ನ ರೂಮಿಗೆ ಬಂದಿದ್ದರು.

ಓದೇನೂ ತಡವಾಗಿರಲಿಲ್ಲ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದರು. ಕಾನೂನು ಮಾತ್ರ ಬ್ರಿಟಿಷರ 1912ರ ಲೂನಸಿ ಕಾಯ್ದೆ, ಅಂದ್ರೆ ಹುಚ್ಚರ ಕಾಯ್ದೆ. ಯಾರನ್ನ ಆಸ್ಪತ್ರೆಯೊಳಗೆ ಇಡಬೇಕು, ಯಾರನ್ನ ಬಿಡಬೇಕು ಅನ್ನೋದೇ ಅದರ ಚಿಂತೆ. ಅದನ್ನ ಬದಲಿಸೋ ಕಾಯ್ದೆ ಬಂದಿದ್ದು 1987ರಲ್ಲಿ! ನಿದ್ದೆ ಬರದವರು, ಗಂಡನ ಕುಡಿತಕ್ಕೆ ಸೋತವರು ಎಲ್ಲಿಗೆ ಹೋಗ್ಬೇಕಿತ್ತು? ದೇವರು ಮೈಮೇಲೆ ಬರೋರ ಹತ್ರ ಹೋದರು, ಈಗಲೂ ಹೋಗ್ತಾರೆ. ಅದಕ್ಕೆ ನಾನಂತೂ ನಗೋದಿಲ್ಲ, ಅಲ್ಲಿ ಯಾರೂ ಅವರಿಗೆ ಬೇಗ ಹೇಳಿ ಮುಗಿಸಿ ಅನ್ನೋದಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚಕರು ಅನ್ನೋ ಬೋರ್ಡು ಜನ ಹೆಚ್ಚಾಗಿ ಕಂಡಿದ್ದು ಎಚ್‌ಐವಿ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ. ಹಾಗಾಗಿ ಆ ಬೋರ್ಡಿನ ಕೆಳಗೆ ಕೂರೋಕೇ ಹೆದರಿಕೆ, ಊರಿನವರು ಯಾರಾದ್ರೂ ನೋಡಿದ್ರೆ ಅಂತ.

ನನ್ನದೇ ಒಂದು ತಪ್ಪು ಹೇಳ್ತೀನಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಂಗ್ಲಿಷಿನಿಂದ ಇಳಿಸಿದ ಪ್ರಶ್ನಾವಳಿ ಹಿಡಿದು ಅಡಿಕೆ ತೋಟದ ಹೆಂಗಸೊಬ್ಬರನ್ನ ಕೇಳಿದೆ: "ನೀವು ನಿಷ್ಪ್ರಯೋಜಕರು ಅನ್ನಿಸುತ್ತದೆಯೇ?" ಅವರಿಗೆ ಸಿಟ್ಟೇ ಬಂತು. "ಸುಗ್ಗೀಲಿ ದಿನಾ ರಾತ್ರಿ ಅಡಿಕೆ ಸುಲಿಯೋದು ನಾನು. ನಿಷ್ಪ್ರಯೋಜಕಿ ಹೆಂಗಾಗ್ತೀನಿ?" ಹಾಳೆ ಮಡಚಿಟ್ಟು, ನಿದ್ದೆ ಹೇಗಿದೆ ಅಮ್ಮ ಅಂದೆ. ಸೆರಗಿನ ತುದಿ ಸುತ್ತುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡು ಗಂಟೆಗೆ ಎಚ್ಚರ ಆಗತ್ತೆ. ಎದೆ ಮೇಲೆ ಒರಳುಕಲ್ಲು ಇಟ್ಟಂಗೆ. ಎದ್ದು ಜಗಲೀಲಿ ಕೂತ್ಕೋತೀನಿ, ಹಾಲು ಕರೆಯೋ ಹೊತ್ತಿನ ತನಕ." ಅವತ್ತಿಂದ ನಾನು ಒರಳುಕಲ್ಲಿನಿಂದಲೇ ಶುರು ಮಾಡ್ತೀನಿ, ಪ್ರಶ್ನಾವಳಿ ಆಮೇಲೆ.

ಇನ್ನು ನಿಮ್ಮ ವಿಷಯ. ಬರೀ ಎಂಎ ಇಟ್ಕೊಂಡು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕ್ಬೇಡಿ, ಅದಕ್ಕೆ ಆರ್‌ಸಿಐ (ಕೇಂದ್ರದ ಭಾರತೀಯ ಪುನರ್ವಸತಿ ಪರಿಷತ್ತು) ಒಪ್ಪಿದ ತರಬೇತಿ, ನೋಂದಣಿ ಬೇಕು. ಕೌನ್ಸೆಲರ್‌ಗಳನ್ನ ಕೇಂದ್ರದ ಕಾನೂನು ಒಂದು ವೃತ್ತಿ ಅಂತ ಪಟ್ಟಿಗೆ ಸೇರಿಸಿದ್ದು 2021ರಲ್ಲಿ. ಯಾವ ಕೋರ್ಸಿಗೆ ಸೇರೋ ಮುಂಚೆಯೂ ಒಂದು ಕೇಳಿ: ಹಿರಿಯರೊಬ್ಬರ ಕಣ್ಣೆದುರು, ನಿಜವಾದ ಜನರ ಜೊತೆ ಎಷ್ಟು ಗಂಟೆ ಕೂರಿಸ್ತೀರಿ? ಉತ್ತರ ತೊದಲಿದ್ರೆ ಫೀಸು ಕಟ್ಬೇಡಿ.